ಬೆಟ್ಟದ ಕೆಳಗೆ ಡ್ರಮ್ಮು ಬಾರಿಸಿದ ಸಂಜೆ

ನಾನು ಚಿಕ್ಕವನಿದ್ದಾಗ ಮನೆಯವರು ನನಗೆ ಒಪ್ಪಿಸಿದ್ದ ಕೆಲಸ ಒಂದೇ. ಹೊತ್ತು ಮುಳುಗಿದ ಮೇಲೆ ಅಪ್ಪನನ್ನು ಒಂಟಿಯಾಗಿ ಬಿಡಬಾರದು. ಒಂದು ಸಂಜೆ ಬಿಟ್ಟೆ. ಬಿಟ್ಟಿದ್ದಷ್ಟೇ ಅಲ್ಲ, ಅಪ್ಪ ಎಲ್ಲಿ ಎಂದು ಕೇಳಿದಾಗ ಸುಳ್ಳು ಹೇಳಿದೆ. ಮಕ್ಕಳೇ, ನಾನು ಓದಿದ್ದು ನಾಲ್ಕನೇ ಕ್ಲಾಸಿನವರೆಗೆ. ಚೆಂದ ಮಾಡಿ ಬರೆಯಲು ನನಗೆ ಬರುವುದಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ನಮ್ಮೂರು ಶಿರಾ ತಾಲ್ಲೂಕಿನ ಗೌಡಗೆರೆಯ ಹತ್ತಿರ. ಅಪ್ಪ ಕುರಿ ಕಾಯುತ್ತಿದ್ದ. ಹಗಲು ಹೊತ್ತಿನಲ್ಲಿ ಅವನ ಕಣ್ಣು ಬಲು ಚುರುಕು. ದೂರದ ಜಾಲಿ ಮರದ ನೆರಳಲ್ಲಿ ನಿಂತ ಕುರಿ ನಮ್ಮದೋ ಪಕ್ಕದ ಹಟ್ಟಿಯದೋ ಎಂದು ಕೂತಲ್ಲಿಂದಲೇ ಹೇಳುತ್ತಿದ್ದ. ಆದರೆ ಬೆಳಕು ಕಂದಿದರೆ ಮುಗಿಯಿತು. ಅಪ್ಪನಿಗೆ ಇರುಳುಗುರುಡು. ಕತ್ತಲಾದ ಮೇಲೆ ಅವನ ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ. ಹಾಗಾಗಿ ಕುರಿಗಳನ್ನು ಹೊತ್ತಿರುವಾಗಲೇ ಮನೆಗೆ ಹೊಡೆದುಕೊಂಡು ಬರುತ್ತಿದ್ದ. ತಡವಾದ ದಿನ ನಾನು ಅವನ ಕೋಲಿನ ತುದಿ ಹಿಡಿದು ಮುಂದೆ ಮುಂದೆ ನಡೆಯುತ್ತಿದ್ದೆ.

ಅಕ್ಕ ಆಗ ಏಳನೇ ಕ್ಲಾಸು. ಶಾಲೆಯಲ್ಲಿ ಗೈಡ್ಸ್ ಸೇರಿದ್ದಳು. ನೀಲಿ ಲಂಗ, ಕುತ್ತಿಗೆಗೆ ಸ್ಕಾರ್ಫು ಕಟ್ಟಿಕೊಂಡು ಅವಳು ಬೀದಿಯಲ್ಲಿ ನಡೆದರೆ ನಾಯಿಗಳೂ ದಾರಿ ಬಿಡುತ್ತಿದ್ದವು. ಆ ಬೇಸಿಗೆ ರಜೆಯಲ್ಲಿ ಮಧುಗಿರಿ ಬೆಟ್ಟದ ಕೆಳಗಿನ ಮಾವಿನ ತೋಪಿನಲ್ಲಿ ಸ್ಕೌಟು, ಗೈಡು ಮಕ್ಕಳ ಶಿಬಿರ. ಕೊನೆಯ ದಿನದವರೆಗೂ ಇದ್ದವರಿಗೆ ಬ್ಯಾಡ್ಜು. ಅವರಲ್ಲೇ ಕೆಲವರನ್ನು ಆರಿಸಿ ಬೆಂಗಳೂರಿನ ದೊಡ್ಡ ಶಿಬಿರಕ್ಕೆ ಕಳಿಸುತ್ತಿದ್ದರು. ಅಕ್ಕ ತೋಳಿನ ಮೇಲೆ ಬ್ಯಾಡ್ಜಿಗೆಂದು ಆಗಲೇ ಸೀಮೆಸುಣ್ಣದಲ್ಲಿ ಗುರುತು ಹಾಕಿಕೊಂಡಿದ್ದಳು.

ಕೇಳಲು ಟೀಚರ್ ಮನೆಗೇ ಬಂದರು. ಅಜ್ಜಿ ಬಾಗಿಲಲ್ಲೇ ತಡೆದಳು.

"ಹೆಣ್ಣುಡ್ಗಿ ಬಯಲಾಗೆ ಮಲಗೋದಾ? ಅವರಪ್ಪ ಜತೇಲಿದ್ರೆ ಕಳುಸ್ತೀನಿ. ಇಲ್ದಿದ್ರೆ ಇಲ್ಲ ಕಣಮ್ಮ."

ಟೀಚರ್ ಸ್ವಲ್ಪ ಯೋಚಿಸಿ, "ಬರಲಿ ಬಿಡಿ ಅಜ್ಜಿ. ರಾತ್ರಿ ಕಾವಲಿಗೆ ನಮಗೂ ಒಬ್ಬರು ಗಂಡಸರು ಬೇಕು" ಎಂದರು.

ಅವರು ಬೀದಿ ದಾಟುವವರೆಗೆ ಕಾದು ಅಜ್ಜಿ ನಕ್ಕಳು. "ಕತ್ಲಾದ್ರೆ ಎದುರಿಗಿರೋ ಎಮ್ಮೆ ಕಾಣ್ಸಾಕಿಲ್ಲ ನಿಂಗೆ. ನೀನ್ಯಾವ ಕಾವ್ಲು ಕಾದೀಯೋ?"

"ಕಿವಿ ಅವೆಯಲ್ಲವ್ವ. ಕಣ್ಣಿಗೆ ಇವನ್ನ ಕರ್ಕೊಂಡೋಯ್ತೀನಿ" ಎಂದು ಅಪ್ಪ ನನ್ನ ತಲೆ ಸವರಿದ.

ಕುರಿಗಳನ್ನು ಪಕ್ಕದ ಹಟ್ಟಿಯವರಿಗೆ ಒಪ್ಪಿಸಿ ನಾವು ಮೂವರೂ ಬಸ್ಸು ಹತ್ತಿದೆವು. ಬಸ್ಸಿನಲ್ಲಿ ಅಕ್ಕ ನನ್ನ ಕಿವಿ ಹಿಡಿದು ಪಿಸುಗುಟ್ಟಿದಳು. "ಲೇ, ಟೀಚರಿಗೆ ಗೊತ್ತಾದ್ರೆ ಅಪ್ಪನ್ನ ಊರಿಗೆ ಕಳುಸ್ಬುಡ್ತಾರೆ. ಅಪ್ಪ ಹೋದ್ರೆ ನಾನೂ ಹೋಗ್ಬೇಕು. ಕತ್ಲಾದ್ಮೇಲೆ ಅಪ್ಪನ ಬುಟ್ಟು ಅಲ್ಲಾಡಂಗಿಲ್ಲ, ತಿಳೀತಾ?" ತಿಳಿಯಿತು ಎಂದು ತಲೆ ಆಡಿಸಿದೆ.

ಶಿಬಿರ ನನಗೆ ಹಬ್ಬದ ಹಾಗಿತ್ತು. ಖಾಕಿ ಗುಡಾರಗಳ ಒಳಗೆ ಬಿಸಿಲಿಗೆ ಕಾದ ಬಟ್ಟೆಯ ವಾಸನೆ. ಮರದಿಂದ ಸೋರುವ ಸೊನೆಯ ವಾಸನೆ. ಬೆಳಿಗ್ಗೆ ಸೀಟಿ ಊದಿದ ಕೂಡಲೇ ಎಲ್ಲರಿಗೂ ಮುತ್ತುಗದ ಎಲೆಯಲ್ಲಿ ಬಿಸಿ ಉಪ್ಪಿಟ್ಟು. ತೋಪಿನ ಹಿಂದೆಯೇ ಬೆಟ್ಟ, ಇಡೀ ಬೆಟ್ಟವೇ ಒಂದು ಬಂಡೆ. ಹಗಲೆಲ್ಲ ಕುಡಿದ ಬಿಸಿಲನ್ನು ಅದು ಸಂಜೆ ನಮ್ಮ ಮುಖಕ್ಕೆ ಊದುತ್ತಿತ್ತು.

ಸಂಜೆಯಾದರೆ ಅಪ್ಪ ಕಂಬಳಿ ಹೊದ್ದು, ಕೋಲು ಹಿಡಿದು ಗುಡಾರಗಳ ಮುಂದೆ ಕೂರುತ್ತಿದ್ದ. ಪಕ್ಕದಲ್ಲಿ ನಾನು. ಯಾರಾದರೂ ಬಂದರೆ ಮೆಲ್ಲಗೆ ಹೇಳುತ್ತಿದ್ದೆ. "ಟೀಚರಮ್ಮ ಬತ್ತಾವ್ರೆ, ಬಲಗಡೆಯಿಂದ." ಅಪ್ಪ ಬಲಕ್ಕೆ ತಿರುಗಿ ಎದ್ದು ಕೈ ಮುಗಿಯುತ್ತಿದ್ದ. ಒಮ್ಮೆ ನಾನು ಎಡ ಬಲ ತಪ್ಪಿಸಿ ಹೇಳಿದ್ದಕ್ಕೆ ಅಪ್ಪ ಮಾವಿನ ಮರಕ್ಕೆ ನಮಸ್ಕಾರ ಮಾಡಿದ. ಟೀಚರ್ ಅದನ್ನು ಭಕ್ತಿ ಎಂದುಕೊಂಡರು. ಗುಡಾರದೊಳಗೆ ಅಕ್ಕ ಬಾಯಿಗೆ ಸ್ಕಾರ್ಫು ತುರುಕಿಕೊಂಡು ನಗುತ್ತಿದ್ದದ್ದು ನಮಗೆ ಗೊತ್ತಾಗುತ್ತಿತ್ತು.

ಮೂರನೆಯ ದಿನ ಮಧ್ಯಾಹ್ನ ಟೀಚರ್ ಹುಡುಗಿಯರನ್ನೆಲ್ಲ ಬೆಟ್ಟ ಹತ್ತಿಸಲು ಕರೆದುಕೊಂಡು ಹೋದರು. ಹೊತ್ತಿರುವಾಗಲೇ ಬರುತ್ತೇವೆ ಎಂದಿದ್ದರು. ಹೊತ್ತು ಇಳಿಯಿತು, ಅವರು ಬರಲಿಲ್ಲ. ಪಾವಗಡದ ಕಡೆಯಿಂದ ಮೋಡ ಎದ್ದಿತ್ತು. ಗಾಳಿಗೆ ಗುಡಾರದ ಹಗ್ಗಗಳು ಗುಂಯ್ ಎನ್ನುತ್ತಿದ್ದವು. ಅಪ್ಪ ಕೂತಲ್ಲಿ ಕೂರಲಾರದೆ ಎದ್ದ.

"ಬಾ ಮಗ, ಬೆಟ್ಟದ ಕೋಟೆ ಮೊದ್ಲನೇ ಬಾಗ್ಲುಗಂಟ ಹೋಗಿ ನೋಡ್ಕೊಂಡ್ ಬರಾನ."

ಅದೇ ಹೊತ್ತಿಗೆ ಸ್ಕೌಟು ಹುಡುಗನೊಬ್ಬ ತನ್ನ ಡ್ರಮ್ಮನ್ನು ನನ್ನ ಕುತ್ತಿಗೆಗೆ ಹಾಕಿದ್ದ. ಮೂರು ದಿನದಿಂದ ನಾನು ಅವನ ಹಿಂದೆ ತಿರುಗಿದ್ದು ಅದಕ್ಕೇ. ಬಾರಿಸುವ ಕೋಲೂ ಕೈಗೆ ಬಂದಿತ್ತು. ಒಂದು ಪೆಟ್ಟು ಹಾಕಿದರೆ ಎದೆಯೊಳಗೇ ಸದ್ದಾಗುತ್ತಿತ್ತು.

"ನೀ ಹೋಗಿರಪ್ಪ, ಬಂದೆ" ಎಂದೆ.

ಅಪ್ಪ ಸ್ವಲ್ಪ ಕಾದ. ಮತ್ತೆ ಕರೆದ. ನಾನು ಕೇಳಿಸದವನ ಹಾಗೆ ಬಾರಿಸಿದೆ. ಅವನು ಆಕಾಶ ನೋಡಿ, ಇನ್ನೂ ಬೆಳಕಿದೆ ಎಂದುಕೊಂಡನೋ ಏನೋ, ಕೋಲೂರಿಕೊಂಡು ಮೆಟ್ಟಿಲ ಕಡೆಗೆ ನಡೆದ. ಅವನ ಬಿಳಿ ಪಂಚೆ ಬಂಡೆಯ ಮೇಲೆ ಚಿಕ್ಕದಾಗುತ್ತ ಹೋದದ್ದನ್ನು ನಾನು ಕಣ್ಣಾರೆ ನೋಡಿದೆ.

ಹುಡುಗಿಯರು ಬಂದರು. ಆದರೆ ಬೆಟ್ಟದ ಕಡೆಯಿಂದಲ್ಲ, ಪೇಟೆಯ ರಸ್ತೆಯಿಂದ. ಅವರು ಆಗಲೇ ಇಳಿದು, ಪೇಟೆಯಲ್ಲಿ ಕಬ್ಬಿನ ಹಾಲು ಕುಡಿಯಲು ಹೋಗಿದ್ದರಂತೆ. ಅಕ್ಕ ನೆಟ್ಟಗೆ ನನ್ನ ಬಳಿ ಬಂದಳು.

"ಅಪ್ಪ ಎಲ್ಲಿಗೋಯ್ತೋ?"

ಅವಳ ಹಿಂದೆಯೇ ಟೀಚರ್ ಇದ್ದರು. ಡ್ರಮ್ಮು ಇನ್ನೂ ನನ್ನ ಕುತ್ತಿಗೆಯಲ್ಲಿತ್ತು. ಬಿಟ್ಟುಬಿಟ್ಟೆ ಎಂದರೆ ಅಕ್ಕ ಏನು ಮಾಡುತ್ತಾಳೋ ಎಂಬ ಹೆದರಿಕೆ. ಅಪ್ಪ ಈಗ ಬರುತ್ತಾನೆ, ಇನ್ನೇನು ಬಂದ ಎಂಬ ಆಸೆ. ನನ್ನ ಬಾಯಿಂದ ಬಂದದ್ದು, "ಸೌದೆ ತರಾಕೋಯ್ತು, ತೋಪಿನ ಆ ತುದೀಗೆ."

ಅಕ್ಕ ಆ ತುದಿಗೆ ಓಡಿದಳು. ತೋಪು ದೊಡ್ಡದು. ಅವಳು ಮರದಿಂದ ಮರಕ್ಕೆ ಹೋಗಿ ಮೆಲುದನಿಯಲ್ಲಿ ಅಪ್ಪಾ ಅಪ್ಪಾ ಎಂದು ಕರೆಯುತ್ತಿರುವಷ್ಟರಲ್ಲಿ, ಉಳಿದಿದ್ದ ಬೆಳಕು ಹೋಯಿತು. ತಿರುಗಿ ಬಂದಾಗ ಅವಳ ಮುಖ ಬೆವೆತಿತ್ತು.

"ಅಲ್ಲಿಲ್ಲ ಕಣ್ಲಾ. ನಮ್ಮನ್ನ ಹುಡುಕ್ಕೊಂಡು ಬೆಟ್ಟಕ್ಕೇನಾದ್ರೂ ಹೋಯ್ತಾ?"

ಹೌದು ಎನ್ನಲು ಅದು ಎರಡನೇ ಅವಕಾಶ. "ಗೊತ್ತಿಲ್ಲಕ್ಕ" ಎಂದೆ.

ಟೀಚರಿಗೆ ಹೇಳಿದರೆ ಗುಟ್ಟು ಒಡೆಯುತ್ತದೆ. ಅಕ್ಕ ಯಾರಿಗೂ ಹೇಳದೆ ಮೆಟ್ಟಿಲ ಕಡೆಗೆ ಹೊರಟಳು. ನಾನು ಡ್ರಮ್ಮು ಕೆಳಗಿಟ್ಟು ದೂರದಿಂದ ಹಿಂಬಾಲಿಸಿದೆ. ದಪ್ಪ ದಪ್ಪ ಹನಿ ಬೀಳತೊಡಗಿತು. ಕಾದ ಬಂಡೆಯಿಂದ ಹಬೆ ಎದ್ದು ಮೂಗಿಗೆ ಹೊಡೆಯಿತು. ಅಕ್ಕನ ಚಪ್ಪಲಿಯ ಸದ್ದು ಮೇಲೆ ಮೇಲೆ ಹೋಗುತ್ತಿತ್ತು. ನಾನು ಕೆಳಗಿನ ಮೆಟ್ಟಿಲಲ್ಲೇ ನಿಂತೆ.

ಮೇಲೆ ಯಾರೋ ಕೆಮ್ಮಿದರು. ಅಪ್ಪನ ಕೆಮ್ಮು.

ಆಗ ಮಿಂಚಿತು. ಇಡೀ ಬೆಟ್ಟ ಬೆಳ್ಳಗಾಯಿತು. ಮೆಟ್ಟಿಲಿನಿಂದ ಸಾಕಷ್ಟು ಆಚೆ, ಇಳಿಜಾರು ಬಂಡೆಯ ಮೇಲೆ ಅಪ್ಪ ಮುದುಡಿ ಕೂತಿದ್ದ. ಎರಡೂ ಅಂಗೈ ಬಂಡೆಗೆ ಊರಿದ್ದ. ಅವನಿಂದ ಒಂದು ಮಾರು ಕೆಳಗೆ ಬಂಡೆ ಮುಗಿದು ಪ್ರಪಾತವಿತ್ತು. ಅಕ್ಕ ಮೆಟ್ಟಿಲು ಬಿಟ್ಟು ಅವನ ಕಡೆಗೆ ಕಾಲು ಇಟ್ಟಿದ್ದಳು. ಮತ್ತೆ ಕತ್ತಲೆ. ಕತ್ತಲೆಯೊಳಗೆ ಸರ್ರನೆ ಜಾರಿದ ಸದ್ದು, ಆಮೇಲೆ ಅಕ್ಕನ ಚೀರಾಟ.

"ಟೀಚರ್! ಟೀಚರ್!" ನನಗೆ ಆಗ ದನಿ ಬಂತು.

ಗ್ಯಾಸ್‌ಲೈಟು ಹಿಡಿದು ಅವರೆಲ್ಲ ಓಡಿ ಬಂದಾಗ ಅಪ್ಪ ಹೊಟ್ಟೆಯ ಮೇಲೆ ಮಲಗಿದ್ದ. ಏನೂ ಕಾಣದ ಅವನು, ಒಂದೊಂದೇ ಗೇಣು ಬಂಡೆಯನ್ನು ಕೈಯಲ್ಲಿ ತಡವಿಕೊಂಡು, ಅಳು ಬಂದ ಕಡೆಗೆ ತೆವಳಿ ಹೋಗಿ ಅಕ್ಕನ ಲಂಗವನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದ. ಅವಳು ಬಂಡೆಯ ಸಣ್ಣ ಹೊಂಡವೊಂದರಲ್ಲಿ ಸಿಕ್ಕಿ ನಿಂತಿದ್ದಳು. ಬಲಗೈ ಮೊಣಕೈಯ ಹತ್ತಿರ ಮುರಿದು ತಿರುಗಿತ್ತು.

"ಕೆಳಗೆ ಮಾತು ಕೇಳ್ತಿತ್ತಲ್ಲಪ್ಪ, ಕೂಗಬಾರ್ದಿತ್ತಾ?" ಎಂದು ಅಕ್ಕ ನೋವಿನಲ್ಲೇ ಕೇಳಿದಳು.

"ಕೂಗಿದ್ರೆ ಟೀಚರಮ್ಮಂಗೆ ಗೊತ್ತಾಗೋದಲ್ಲವ್ವ. ನಿನ್ ಬ್ಯಾಡ್ಜು ಹೋಗೋದಲ್ಲ" ಎಂದ ಅಪ್ಪ.

ಗ್ಯಾಸ್‌ಲೈಟಿನ ಬೆಳಕು ಅವನ ಮುಖದ ಮೇಲೇ ಬಿದ್ದಿತ್ತು. ಯಾರ ಮುಖಕ್ಕೂ ನೆಡದ ಅವನ ಕಣ್ಣು ನೋಡಿ ಟೀಚರಿಗೆ ಎಲ್ಲ ಅರ್ಥವಾಯಿತು. "ಯಾರಿಗೂ ಹೇಳದೆ ಯಾಕೆ ಹೋದಿರಿ?" ಎಂದರು. ಅಪ್ಪ ನಾನು ಬಿಕ್ಕುತ್ತಿದ್ದ ಕಡೆಗೆ ತಿರುಗಿದ. ನಾನು ಎಲ್ಲಿದ್ದೇನೆಂದು ಅವನಿಗೆ ಗೊತ್ತಿತ್ತು.

"ಯಾರ್ಗೂ ಹೇಳ್ನಿಲ್ಲ ಕಣಮ್ಮ. ಮಗನ್ಗೂ ಹೇಳ್ನಿಲ್ಲ. ನಂದೇ ತಪ್ಪು."

ಇಳಿಯುವಾಗ ನಾನು ಮುಂದೆ ನಡೆದೆ, ಅಪ್ಪ ನನ್ನ ಹೆಗಲು ಹಿಡಿದುಕೊಂಡ.

ಮಾರನೆಯ ದಿನ ಅಕ್ಕನ ಕೈಗೆ ಆಸ್ಪತ್ರೆಯಲ್ಲಿ ಕಟ್ಟು ಹಾಕಿಸಿಕೊಂಡು ಊರಿಗೆ ಬಂದೆವು. ಟೀಚರ್ ಬಸ್ಸಿನವರೆಗೂ ಬಂದು, ಮುಂದಿನ ವರ್ಷ ಬಾ ಎಂದರು. ಅಜ್ಜಿ ಮುಂದಿನ ವರ್ಷ ಎಂಬ ಮಾತನ್ನೇ ಮನೆಯಲ್ಲಿ ಎತ್ತಲು ಬಿಡಲಿಲ್ಲ. ಮೂಳೆ ಕೂಡಿತು, ಆದರೆ ಕೈ ಪೂರ್ತಿ ನೆಟ್ಟಗಾಗಲಿಲ್ಲ. ಅಕ್ಕ ಬೆಂಗಳೂರಿನ ಶಿಬಿರ ನೋಡಲಿಲ್ಲ. ಯಾರು ಕೇಳಿದರೂ, "ನಾನೇ ನೋಡ್ದೆ ಕಾಲಿಟ್ಟೆ" ಎನ್ನುತ್ತಿದ್ದಳು. ಅವಳಿಗೆ ಗೊತ್ತಿದ್ದದ್ದು ಅಷ್ಟೇ; ನನ್ನ ಸೌದೆಯ ಮಾತು ಬರೀ ಊಹೆ ಎಂದುಕೊಂಡಿದ್ದಳು. ನಾನು ನಿಜ ಹೇಳಿದ್ದರೆ ಬೆಳಕಿರುವಾಗಲೇ ಅವಳು ಅಪ್ಪನನ್ನು ತಲುಪುತ್ತಿದ್ದಳು ಎಂಬುದು ನನಗೂ ಅಪ್ಪನಿಗೂ ಮಾತ್ರ ಗೊತ್ತಿತ್ತು. ದೊಡ್ಡವನಾದ ಮೇಲೆ ಒಮ್ಮೆ ಅಪ್ಪನ ಮುಂದೆ ಆ ಮಾತು ತೆಗೆದೆ. "ಈಗ್ಯಾಕ್ಲಾ ಅದೆಲ್ಲ, ಬುಡು" ಎಂದು ಎದ್ದು ಹೋದ. ಈಗ ಅಪ್ಪ ಇಲ್ಲ.

ಕಳೆದ ತಿಂಗಳು ನೀವಿಬ್ಬರೂ ಶಾಲೆಯ ಶಿಬಿರಕ್ಕೆ ಹೊರಟಿರಲ್ಲ, ನಾನು ಜಗುಲಿಯಲ್ಲಿ ಕೂತು ನೋಡುತ್ತಿದ್ದೆ. ಹಣೆಗೆ ಕಟ್ಟಿಕೊಳ್ಳುವ ಟಾರ್ಚು. ಮಳೆ ಬರುತ್ತದೋ ಇಲ್ಲವೋ ಎಂದು ಮೊದಲೇ ಹೇಳುವ ಫೋನು. ನೀವು ಎಲ್ಲಿದ್ದೀರಿ ಎಂಬುದು ನಿಮ್ಮ ಅಮ್ಮನ ಕೈಯಲ್ಲಿರುವ ಫೋನಿನಲ್ಲೇ ಚುಕ್ಕಿಯಾಗಿ ಕಾಣುತ್ತದೆ. ನಮ್ಮ ಕಾಲದಲ್ಲಿ ಒಬ್ಬರು ಎಲ್ಲಿದ್ದಾರೆಂದು ತಿಳಿಯಲು ಇನ್ನೊಬ್ಬರ ಬಾಯಿಮಾತು ಬಿಟ್ಟರೆ ಬೇರೆ ಏನೂ ಇರಲಿಲ್ಲ. ಆ ಮಾತೇ ಸುಳ್ಳಾದರೆ ಹುಡುಕುವವರು ಬೇರೆ ದಾರಿಗೆ ಹೋಗುತ್ತಿದ್ದರು.

ಅಕ್ಕನನ್ನು ಕೊಟ್ಟದ್ದು ಪಾವಗಡದ ಆಚೆ, ಕ್ಯಾತಗಾನಚೆರ್ಲುವಿಗೆ. ಆ ದಿನ ಅವಳು ನಿಮ್ಮನ್ನು ಕಳಿಸಿಕೊಡಲೆಂದೇ ನಮ್ಮ ಮನೆಗೆ ಬಂದಿದ್ದಳು. ನಿಮ್ಮ ಬಸ್ಸು ಹೋದ ಮೇಲೆ ಒಳಗೆ ಹೋಗಿ ಎಡಗೈಯಲ್ಲಿ ಕಡಲೇಕಾಯಿ ಸುಲಿಯುತ್ತ ಕೂತಳು. ನಾನು ಎದುರಿಗೆ ಹೋಗಿ ಕೂತೆ. ಮೊಮ್ಮಕ್ಕಳಿರುವ ಮುದುಕ ನಾನು, ಎಂಟು ವರ್ಷದ ಹುಡುಗನ ಹಾಗೆ ಅವಳ ಮುಖವನ್ನೇ ನೋಡುತ್ತಿದ್ದೆ.

"ಏನ್ಲಾ, ಅಂಗ್ಯಾಕ್ ನೋಡ್ತೀಯಾ?" ಎಂದಳು.

"ಅಕ್ಕ, ಅವತ್ತು ಅಪ್ಪ ಬೆಟ್ಟಕ್ಕೆ ಹೋಗಿದ್ದು ನಂಗೆ ಗೊತ್ತಿತ್ತು. ನನ್ನ ಕರೀತು, ನಾನು ಹೋಗ್ನಿಲ್ಲ. ಸೌದೆ ತರಾಕೋಯ್ತು ಅಂತ ನಿಂಗೆ ಸುಳ್ಳು ಹೇಳ್ದೆ. ನಿನ್ ಕೈ ಮುರಿದಿದ್ದು ನನ್ನಿಂದ ಕಣಕ್ಕ. ತಪ್ಪಾಯ್ತು, ನನ್ನ ಕ್ಷಮಿಸ್ಬುಡು."