ಇತ್ತ ತಿರುಗಿ ಮಾತಾಡಿ

ಬಸ್ ನಿಲ್ದಾಣದಲ್ಲಿ ಯಾವ ಬಸ್ಸು ಎಲ್ಲಿ ನಿಂತಿದೆ ಎಂದು ಮೈಕಿನಲ್ಲಿ ಹೇಳುವ ಕೆಲಸ ಅವಳ ಗಂಡನದು. ಬೀದಿಯವರಿಗೆಲ್ಲ ಅವನು ಮೈಕಣ್ಣ. ಗಾಜಿನ ಗೂಡಿನೊಳಗೆ ಕೂತು, ಮೈಕಿನಿಂದ ಮುಖ ಒಂದಿಷ್ಟೂ ಆಚೀಚೆ ಮಾಡದೆ, ಗುರುತು ಪರಿಚಯವಿಲ್ಲದ ಪ್ರಯಾಣಿಕರಿಗೆ ಬಿಡಿಸಿ ಬಿಡಿಸಿ ಹೇಳುತ್ತಿದ್ದ ಈ ಮಹಾನುಭಾವ ಮನೆಗೆ ಬಂದರೆ ಹೆಂಡತಿಗೆ ಬೆನ್ನು ತೋರಿಸಿಕೊಂಡೇ ಮಾತಾಡುತ್ತಿದ್ದ.

ಎರಡನೇ ಹೆರಿಗೆಯ ನಂತರ ಅವಳ ಕಿವಿ ಮಂದವಾಗುತ್ತಾ ಬಂದಿತ್ತು. ತುಟಿ ಕಂಡರೆ ಮಾತು ತಿಳಿಯುತ್ತಿತ್ತು. ತರಕಾರಿ ಮಾರುವವಳಿಗೂ ಅದು ಗೊತ್ತಿತ್ತು. ತಕ್ಕಡಿ ಕೆಳಗಿಟ್ಟು, ಎದುರು ನಿಂತೇ ಹರಟುತ್ತಿದ್ದಳು.

"ರೀ, ಸ್ವಲ್ಪ ಇತ್ತ ತಿರುಗಿ ಮಾತಾಡಿ," ಎಂದು ಹೇಳಿ ಹೇಳಿ ಅವಳಿಗೆ ಸಾಕಾಗಿತ್ತು.

ಆಗ ಅವನು ತಿರುಗುತ್ತಿದ್ದ. "ರಿಟೈರ್ ಆಗ್ಲಿ, ನೋಡ್ತಿರು. ಕಿವಿಗೆ ಫಾರಿನ್ ಮಷೀನೇ ತರ್ತೀನಿ. ಪಕ್ಕದ ಮನೆ ಜಗಳ ಎಲ್ಲ ಕೂತಲ್ಲೇ ಕೇಳ್ಬೇಕು ನಿನಗೆ!" ಆ ಮಾತಾಡುವಾಗ ಅವನ ಮುಖ ಎಷ್ಟು ಅರಳುತ್ತಿತ್ತೆಂದರೆ, ಅವಳು ನಂಬಿಬಿಡುತ್ತಿದ್ದಳು.

ಒಂದು ಬೆಳಿಗ್ಗೆ ಕಪಾಟಿನತ್ತ ಮುಖಮಾಡಿ ಅಂಗಿಯ ಗುಂಡಿ ಹಾಕಿಕೊಳ್ಳುತ್ತಾ ಏನೋ ಅಂದ. ಅವಳು ರೂಢಿಯಂತೆ "ಹ್ಞೂಂ" ಅಂದಳು. ಅವಳ ಅಣ್ಣ ಆಸ್ಪತ್ರೆಯಲ್ಲಿದ್ದಾನೆ, ಉಳಿಯುವುದು ಕಷ್ಟ ಎಂಬ ಸುದ್ದಿ ಅದು. ಅವಳಿಗೆ ಅದು ತಿಳಿದದ್ದು ಅಣ್ಣ ತೀರಿಕೊಂಡ ಮೇಲೆ.

"ಒಂದ್ಸಲ ಬಂದು ಮುಖ ನೋಡೋಕೂ ಆಗ್ಲಿಲ್ವಾ? ತಂಗಿ ಬಂದ್ಲಾ, ತಂಗಿ ಬಂದ್ಲಾ ಅಂತ ಕೇಳ್ತಾನೇ ಇದ್ರು," ಎಂದು ಅತ್ತಿಗೆ ಅವಳೆದುರು ನಿಂತು ಅತ್ತಳು. ಅತ್ತಿಗೆಯ ಪ್ರತಿ ಮಾತೂ ಅವಳಿಗೆ ತಿಳಿಯಿತು.

"ನಾನು ಹೇಳಿದ್ದೆ. ನೀನೇ ಹ್ಞೂಂ ಅಂದೆ," ಎಂದ ಗಂಡ. ಮನೆಗೆ ಬಂದ ಮೇಲೆ ಅವಳ ಸಂಕಟ ನೋಡಲಾರದೆ, ಮಷೀನು ತಂದೇ ತರುತ್ತೇನೆಂದು ಆಣೆ ಇಟ್ಟ. ಆ ಸಂಕಟ ಅವಳೊಳಗಿಂದ ಯಾವತ್ತೂ ಇಳಿಯಲಿಲ್ಲ.

ತಂದ, ಇಲ್ಲವೆನ್ನುವಂತಿಲ್ಲ. ರಿಟೈರಾದ ವಾರದಲ್ಲೇ ತಂದ. ಮಾತಿಗೆ ತಪ್ಪಿದ ಎಂದು ಯಾರೂ ಬೆರಳು ಮಾಡಿ ತೋರಿಸುವ ಹಾಗಿಲ್ಲ. ಆ ಸಂಜೆ ಅವಳು ತಲೆ ಬಾಚಿಕೊಂಡು, ಮಷೀನು ಸಿಕ್ಕಿಸಿಕೊಂಡು, ಕುರ್ಚಿ ಎಳೆದು ಅವನೆದುರು ಕೂತಳು. ಫ್ಯಾನು ಕಿರುಗುಟ್ಟುವುದು, ನಲ್ಲಿ ತೊಟ್ಟಿಕ್ಕುವುದು, ಅವನು ಪೇಪರು ಮಗುಚುವುದು ಎಲ್ಲವೂ ಕೇಳಿಸಿತು. ಬಹಳ ಹೊತ್ತು ಕಾದಳು.

"ರೀ, ಏನಾದ್ರೂ ಮಾತಾಡಿ."

ಅವನು ಪೇಪರು ಇಳಿಸಿ ಅವಳನ್ನೇ ನೋಡಿದ. ನಿಜವಾಗಿಯೂ ಯೋಚಿಸಿದ, ಪಾಪ.

"ಏನು ಮಾತಾಡ್ಲಿ?" ಎಂದ.

ಇಷ್ಟು ವರ್ಷಗಳಲ್ಲಿ ಅವನ ಮಾತು ಇಷ್ಟು ಸ್ಪಷ್ಟವಾಗಿ ಅವಳಿಗೆ ಕೇಳಿಸಿದ್ದಿಲ್ಲ. ಆಮೇಲೆ ಮಷೀನು ಬಿಚ್ಚಿ ಡಬ್ಬಿಯಲ್ಲಿಟ್ಟು, ರಾತ್ರಿಯ ಅಡುಗೆಗೆ ಎದ್ದಳು.