ಮೊದಲು ಊರು, ಆಮೇಲೆ ಹೆಸರು

ಚಿಕ್ಕೋಡಿಯ ಒಂದು ಗೊಬ್ಬರದ ಅಂಗಡಿಯ ಮಾಳಿಗೆಯ ಮೇಲೆ ಸಾರಿಕಾಳ ಕಚೇರಿ. ಹೊಲಗೂಲಿಯವರ ಮಗಳು, ತಾಯಿಯ ಜೊತೆ ಧರಣಿಯ ಚಾಪೆಯ ಮೇಲೆ ಬೆಳೆದವಳು. ಈಗ ಆರು ಹೆಣ್ಣುಮಕ್ಕಳನ್ನು ಕೂಡಿಸಿಕೊಂಡು, ಬೇರೆ ಕಂಪನಿಗಳ ಪರವಾಗಿ ಗಿರಾಕಿಗಳ ಫೋನು ಎತ್ತುವ ಕೆಲಸ ನಡೆಸುತ್ತಾಳೆ. ದೊಡ್ಡ ಗುತ್ತಿಗೆ ಒಂದೇ, ಪುಣೆಯ ಪಂಪ್‌ಸೆಟ್ ಕಂಪನಿಯದು. ಅದು ಹೋದರೆ ಬಾಗಿಲಿಗೆ ಬೀಗ.

ಹೋಗುವ ಹಂತಕ್ಕೇ ಬಂತು. ರೈತರು ಮಾತಿನ ನಡುವೆಯೇ ಫೋನು ಕಟ್ ಮಾಡುತ್ತಾರೆ, ಮೆಕ್ಯಾನಿಕ್ ಹೊತ್ತಿಗೆ ಮುಟ್ಟುವುದಿಲ್ಲ, ತಿಂಗಳೊಳಗೆ ಸುಧಾರಿಸದಿದ್ದರೆ ಗುತ್ತಿಗೆ ರದ್ದು ಎಂದು ಕಂಪನಿಯ ಮ್ಯಾನೇಜರ್, ಸಮಾಧಾನ ಎಂಬ ಹೆಸರಿನವನು, ತಾಕೀತು ಮಾಡಿದ. ನಿಪ್ಪಾಣಿಯವನೇ, ಪುಣೆಯ ಗಾಳಿ ಹತ್ತಿದವನು.

ಕಂಪನಿ ಕೊಟ್ಟ ಪ್ರಶ್ನೆಗಳು ಹೀಗೆ: ಹೆಸರು, ಮೊಬೈಲ್ ನಂಬರು, ಮೋಟಾರಿನ ನಂಬರು, ದೂರು, ಕಟ್ಟಕಡೆಗೆ ವಿಳಾಸ. ಎಲ್ಲಿ ಕೆಡುತ್ತಿದೆ ನೋಡೋಣ ಎಂದು ಸಾರಿಕಾ ತಾನೇ ಹೆಡ್‌ಫೋನ್ ಹಾಕಿಕೊಂಡು ಕೂತಳು. ಕಬ್ಬಿಗೆ ನೀರಿಲ್ಲದೆ ಕುದಿಯುತ್ತಿದ್ದ ಅಂಕಲಿಯ ಅಣ್ಣಾಸಾಬ ಸಿಕ್ಕ. ಪೂರ್ತಿ ಹೆಸರು ಕೇಳಿದಳು.

"ಹೆಸರ ತಗೊಂಡ ಏನ್ ಮಾಡ್ತಿ ಯವ್ವಾ? ಇದೇನ ಪೊಲೀಸ ಠಾಣೇನ? ಯಾವೂರ ಅಂತ ಕೇಳೋದ ಮೊದಲ ಕಲಿ."

ಫೋನು ಇಟ್ಟೇಬಿಟ್ಟ. ಅವನದು ಸೊಕ್ಕಲ್ಲ. ನಮ್ಮ ಕಡೆ ಬಸ್‌ಸ್ಟ್ಯಾಂಡಿನಲ್ಲಾಗಲಿ ಮದುವೆಮನೆಯಲ್ಲಾಗಲಿ ಮೊದಲು ಊರು, ಆಮೇಲೆ ಹೆಸರು. ಊರು ಕೇಳದವರ ಮುಂದೆ ಯಾರೂ ಕಷ್ಟ ಬಿಚ್ಚುವುದಿಲ್ಲ.

ಮರುದಿನ ಸಾರಿಕಾ ಪ್ರಶ್ನೆಗಳನ್ನು ತಲೆಕೆಳಗು ಮಾಡಿ ಊರನ್ನು ಮೊದಲಿಗೆ ತಂದಳು. ರೈತರು ಬಾಯಿ ಬಿಟ್ಟರು. ಊರು ಮೊದಲೇ ಸಿಕ್ಕಿದ್ದರಿಂದ, ಫೋನು ಎತ್ತುವ ಸುಂದರಾ ಒಂದೇ ದಾರಿಯ ದೂರುಗಳನ್ನು ಕೂಡಿಸಿ ಮೆಕ್ಯಾನಿಕ್‌ಗೆ ಕೊಡತೊಡಗಿದಳು: ಅಂಕಲಿ, ಯಡೂರು ಒಂದು ದಿನ, ಇದೇ ಜಿಲ್ಲೆಯ ಅನಂತಪುರದ ಕಡೆ ಇನ್ನೊಂದು ದಿನ. ಕಾಯಬೇಕಾದ ಅನಂತಪುರದವರು ಬೈದರು. ಹೆಣ್ಣುಮಕ್ಕಳು ಬೈಸಿಕೊಂಡರು, ಮೆಕ್ಯಾನಿಕ್ ಬರುವ ದಿನ ಮಾತ್ರ ತಪ್ಪಲಿಲ್ಲ.

ಕರೆಗಳ ರೆಕಾರ್ಡಿಂಗ್ ಕೇಳಿದ ಸಮಾಧಾನ ಸಿಟ್ಟಿನಿಂದ ಬಂದ. ಕಂಪನಿಯ ಪದ್ಧತಿ ಮುರಿಯಲು ಯಾರು ಹೇಳಿದರೆಂದು ಕೇಳಿದ.

"ನಾನ ಮುರಿದೇನಿ," ಎಂದಳು ಸಾರಿಕಾ. "ನಿಮ್ಮ ಪದ್ಧತಿ ಛಲೋ ಇದ್ರ ನೀವ ಕೂತ ಫೋನ ಎತ್ರಿ, ಸಾಹೇಬ್ರ."

ಕೂತ. ಹೆಸರು ಕೇಳಿದ, ಕರೆ ಕಟ್ಟಾಯಿತು. ಇನ್ನೊಂದು ಬಂತು, ಅದೂ ಕಟ್ಟಾಯಿತು. ಸುಂದರಾ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಮೂರನೆಯದಕ್ಕೆ ಅವನ ಬಾಯಿಂದ ತಾನಾಗಿಯೇ ಬಂತು: "ಯಾವೂರ್ರಿ?" ಆ ಕಡೆಯವನು ಮೋಟಾರಿನ ಹುಟ್ಟುಕಥೆಯನ್ನೇ ಹೇಳಿದ.

ಸಮಾಧಾನ ಹೆಡ್‌ಫೋನ್ ತೆಗೆದಿಟ್ಟು, ಗುತ್ತಿಗೆ ಮುಂದುವರಿಯಲಿ ಎಂದ. ಸಾರಿಕಾಳಿಗೆ ಅಷ್ಟು ಸಾಲಲಿಲ್ಲ.

"ಇನ್ನ ಮ್ಯಾಲ ಏನರ ಬದಲ ಮಾಡೋದಿದ್ರ ಇಲ್ಲಿ ಬಂದ, ನಮ್ಮ ಜೋಡಿ ಕೂತ ಮಾಡ್ರಿ."

ಒಪ್ಪಿದ. ಅವಳು ಉಪಕಾರವಾಯಿತು ಎನ್ನಲಿಲ್ಲ. ಫೋನು ಬಡಿದುಕೊಳ್ಳುತ್ತಿತ್ತು, ಎತ್ತಿದಳು.