ಅರ್ಧ ಹಾಡಿನ ಬೆನ್ನು ಹತ್ತಿ ಬೇಗೂರಿಗೆ

ಹಾಡನ್ನು ನಿಲ್ಲಿಸಿದವರು ಜೆ.ಪಿ. ನಗರದ ನಮ್ಮ ಬಡಾವಣೆಯ ರಾಜ್ಯೋತ್ಸವ ಸಮಿತಿಯವರು. ಮನೆ ಕಳೆದುಕೊಂಡವಳು ಹಾಡಿದ ಹುಡುಗಿ. ಸಮಿತಿಯ ಒಬ್ಬರಿಗೂ ಅದರಿಂದ ಒಂದು ಹೊತ್ತಿನ ನಿದ್ದೆಯೂ ಕೆಡಲಿಲ್ಲ. ಶೈಲಾ ಮಾತ್ರ ಸುದ್ದಗುಂಟೆಪಾಳ್ಯದ ತನ್ನ ಟೆರೇಸಿನ ಕೋಣೆಯಿಂದ ಗಂಟುಮೂಟೆ ಕಟ್ಟಿದಳು. ಮೊದಲು ಈ ಸಂಗತಿಯನ್ನು ದಾಖಲಿಸಿ, ಆಮೇಲೆ ಪ್ರಯಾಣಕ್ಕೆ ಬರುತ್ತೇನೆ.

ನವೆಂಬರಿನ ಆ ಸಂಜೆ ನಮ್ಮ ಪಾರ್ಕಿನ ವೇದಿಕೆ ಹತ್ತಿದ ತಂಡದ ಹೆಸರು ‘ಒಗೆಯೋ ಕಲ್ಲು’. ಟೆರೇಸಿನ ಮೇಲೆ, ಒಗೆಯುವ ಕಲ್ಲಿನ ಪಕ್ಕದಲ್ಲಿ ಅಭ್ಯಾಸ ಮಾಡುತ್ತಿದ್ದುದರಿಂದ ಆ ಹೆಸರು. ಇಬ್ಬರು ಗಿಟಾರ್, ಒಬ್ಬ ಡ್ರಮ್ಸ್. ಹಾಡಿದವಳು ಗದಗದ ಕಡೆಯಿಂದ ಬಂದು ಬಿ.ಟಿ.ಎಂ. ಬಡಾವಣೆಯ ಕಚೇರಿಯೊಂದರಲ್ಲಿ ದುಡಿಯುವ ಶೈಲಾ. ಹಾಡೂ ಅವಳದೇ:

ಬಾಗಿಲ ತೆಗೆದರ ಒಂದ ಪ್ರಶ್ನೆ, ತಿಂಡಿ ಆಯ್ತಾ?
ಯಾರ ಜೋಡಿ ಜಗಳ ತೆಗೀಲೆವ್ವಾ, ತಿಂಡಿ ಆಯ್ತಾ?

ಬೆಂಗಳೂರಿಗರಿಗೆ ತಿಂಡಿ ಎಂದರೆ ಬೆಳಗಿನ ಉಪಾಹಾರ. ಗದಗದ ಕಡೆ ಅದಕ್ಕೆ ನಾಷ್ಟಾ ಎನ್ನುತ್ತಾರೆ. ಅಲ್ಲಿ ತಿಂಡಿ ಎಂದರೆ ತುರಿಕೆ, ಜಗಳಕ್ಕೆ ಮೈ ತುರಿಸುವುದು. ಬೆಳಗಾದರೆ ಮನೆಯ ಒಡತಿ ಪ್ರೀತಿಯಿಂದ ಕೇಳುವ ಪ್ರಶ್ನೆ ಬಾಡಿಗೆಯ ಹುಡುಗಿಗೆ ಏನೆಂದು ಕೇಳಿಸಿತು ಎಂಬುದೇ ಹಾಡು. ಜನ ನಕ್ಕರು. ಆದರೆ ಪಲ್ಲವಿ ಎರಡನೇ ಸಲ ಬರುವಷ್ಟರಲ್ಲಿ ಮೈಕು ಸತ್ತಿತು. ಅವಳ ಬಾಯಿ ಆಡುತ್ತಿತ್ತು, ದನಿಯಿರಲಿಲ್ಲ. ಮರುಕ್ಷಣವೇ ಸಿನಿಮಾ ಆರ್ಕೆಸ್ಟ್ರಾದವರು ವೇದಿಕೆ ಏರಿದರು. ಹೆಣ್ಣಿನ ಸೊಂಟವನ್ನು ವರ್ಣಿಸುವ ಅವರ ಹಾಡುಗಳು ಯಾರ ಕಿವಿಗೂ ಅಸಭ್ಯವಾಗಿ ಕೇಳಿಸಲಿಲ್ಲ.

ಆ ಅರ್ಧ ಹಾಡು ನನ್ನನ್ನು ಬಿಡಲಿಲ್ಲ. ಹಾಲಿನ ಬೂತಿನಲ್ಲಿ, ಬಸ್ ನಿಲ್ದಾಣದಲ್ಲಿ, ಎದುರುಮನೆಯ ಗೇಟಿನಲ್ಲಿ ಯಾರೋ ಒಬ್ಬರು ‘ತಿಂಡಿ ಆಯ್ತಾ?’ ಎನ್ನುತ್ತಿದ್ದರು, ಹಾಡು ಶುರುವಾಗುತ್ತಿತ್ತು. ಕೆಲವು ಹಾಡುಗಳು ಉಳಿಯುವುದು ರಾಗದ ಹಿರಿಮೆಯಿಂದಲ್ಲ. ನಾವು ದಿನವೂ ಆಡುವ ಮಾತೊಂದರಲ್ಲಿ ಅವು ಬಾಡಿಗೆಗೆ ಬಂದು ಕೂರುತ್ತವೆ, ಖಾಲಿ ಮಾಡಿಸಲಾಗುವುದಿಲ್ಲ. ಉಳಿದರ್ಧವನ್ನು ಹುಡುಕಿ ಜಯನಗರದ ಕ್ಯಾಸೆಟ್ ಅಂಗಡಿಗೆ ಹೋದೆ. ‘ಕನ್ನಡದಲ್ಲಿ ಬ್ಯಾಂಡಾ ಮೇಡಂ? ಮದುವೆಗಾ?’ ಎಂದರು ಮಾಲೀಕರು. ಇಂಗ್ಲಿಷ್ ತಂಡಗಳಿಗೆ ಅಲ್ಲಿ ಇಡೀ ಗೋಡೆಯೇ ಇತ್ತು. ನಮ್ಮ ಊರಿನ ಹುಡುಗರು ನಮ್ಮ ಮಾತಿನಲ್ಲಿ ಕಟ್ಟಿದ ಹಾಡಿಗೆ ಒಂದು ಗೂಡೂ ಇರಲಿಲ್ಲ. ಇದೂ ಒಂದು ಅನ್ಯಾಯವೇ.

ಡಿಸೆಂಬರಿನ ಒಂದು ಭಾನುವಾರ, ಇಬ್ಬನಿ ಇನ್ನೂ ಇಳಿಯುತ್ತಿದ್ದಾಗ, ಶಾಲು ಹೊದ್ದು ಮನೆಯಿಂದ ಹೊರಟೆ. ಮೊದಲ ನಿಲುಗಡೆ ಸಮಿತಿಯ ಕಾರ್ಯದರ್ಶಿಗಳ ಮನೆ. ಬಾಗಿಲು ತೆರೆದವರೇ ನಗುತ್ತ ಕೇಳಿದರು: ‘ಬನ್ನಿ ಮೇಡಂ, ತಿಂಡಿ ಆಯ್ತಾ?’

‘ಈ ಮಾತಿಗೇ ಅಲ್ಲವೇ ನೀವು ಮೈಕು ನಿಲ್ಲಿಸಿದ್ದು?’ ಎಂದೆ.

‘ಅಯ್ಯೋ, ನಾವು ಹೇಳೋ ಅರ್ಥ ಬೇರೆ ಮೇಡಂ. ಆ ಕಡೆ ಅದಕ್ಕೆ ಏನೋ ಕೆಟ್ಟ ಅರ್ಥ ಇದೆಯಂತೆ. ಫ್ಯಾಮಿಲಿಗಳು ಕೂತಿದ್ರು.’

‘ಕೆಟ್ಟ ಅರ್ಥವೆಂದು ಯಾರು ಹೇಳಿದರು?’

‘ಯಾರೋ ಹೇಳಿದ್ರು. ಆ ಹುಡುಗಿ ಮನೆ ಓನರ್ ನಮ್ಮ ಖಜಾಂಚಿಗೆ ಗೊತ್ತಂತೆ. ನಿಮ್ಮನ್ನೇ ಆಡ್ಕೊಂಡು ಹಾಡು ಕಟ್ಟಿದ್ದಾಳಮ್ಮ ಅಂತ ಖಜಾಂಚಿನೇ ಆಯಮ್ಮಂಗೆ ಫೋನ್ ಮಾಡಿದ್ರು. ಒಳ್ಳೇದಕ್ಕೇ ಅಲ್ವಾ?’

‘ಹಾಡನ್ನು ಪೂರ್ತಿ ಕೇಳಿದ್ದಿರಾ?’

‘ಪೂರ್ತಿ ಕೇಳೋಕೆ ಅದೇನು ಸಂಗೀತ ಕಚೇರಿನಾ ಮೇಡಂ?’

ಶೈಲಾಳ ಮನೆಯೊಡತಿ ರತ್ನಮ್ಮನವರ ವಿಳಾಸ ಪಡೆದು ಹೊರಬಿದ್ದೆ. ಬನ್ನೇರುಘಟ್ಟ ರಸ್ತೆಯ ಬಸ್ಸು ತುಂಬಿತ್ತು. ಡೈರಿ ವೃತ್ತದವರೆಗೂ ಕಂಬಿ ಹಿಡಿದು ನಿಂತೇ ಹೋದೆ. ಅಲ್ಲಿಂದ ಸುದ್ದಗುಂಟೆಪಾಳ್ಯಕ್ಕೆ ನಡಿಗೆ. ರತ್ನಮ್ಮನವರ ಮನೆ ಇಕ್ಕಟ್ಟಾದ ಅಡ್ಡರಸ್ತೆಯಲ್ಲಿದೆ. ಟೆರೇಸಿನ ಕೋಣೆಗೆ ಬೀಗ. ಒಗೆಯುವ ಕಲ್ಲು ಒಣಗಿತ್ತು. ಶೈಲಾಳ ಹೆಸರೆತ್ತಿದೊಡನೆ ಅವರ ಕಣ್ಣು ತುಂಬಿತು, ದನಿ ಮಾತ್ರ ಗಡುಸಾಗಿತ್ತು.

‘ಮಗಳ ತರಾ ನೋಡ್ಕೊಂಡೆ ಕಣಮ್ಮ. ಡ್ರಮ್ಮು ಬಡಿದ್ರೂ ಸುಮ್ನಿದ್ದೆ. ದಿನಾ ತಿಂಡಿ ಆಯ್ತಾ ಅಂದ್ರೆ ಅದನ್ನೇ ಹಾಡು ಮಾಡಿ ಊರೆದುರಿಗೆ ನನ್ನ ಜಗಳಗಂಟಿ ಮಾಡಿದ್ಲಂತೆ. ಫೋನ್ ಬಂದಾಗ ಎದೆ ಒಡೆದುಹೋಯ್ತು. ಖಾಲಿ ಮಾಡು ಅಂದ್ಬಿಟ್ಟೆ.’

‘ಅವಳನ್ನು ಕೇಳಲಿಲ್ಲವೇ?’

‘ಏನಂತ ಕೇಳ್ಲಿ? ಬಾಯಿ ತೆಗೆದ್ರೆ ನನಗೆ ಬರೋದೇ ಆ ಮಾತು!’

ಅವಳು ಈಗ ಬಿ.ಟಿ.ಎಂ.ನ ಹಾಸ್ಟೆಲ್ ಸೇರಿರುವುದಾಗಿಯೂ, ಭಾನುವಾರ ಬೇಗೂರಿನ ಕೆರೆಯ ಬಳಿಯ ಶೆಡ್ಡಿನಲ್ಲಿ ಹಾಡುವುದಾಗಿಯೂ ತಿಳಿಸಿದರು. ಹೊರಡುವಾಗ ಒಂದು ಸ್ಟೀಲ್ ಡಬ್ಬಿ ಕೈಗಿತ್ತರು. ‘ಅವಳದು, ಇಲ್ಲೇ ಉಳಿದಿತ್ತು. ಕೊಟ್ಬಿಡಿ.’ ಡಬ್ಬಿ ಬೆಚ್ಚಗಿತ್ತು. ನಾನು ನೋಡಿದ್ದನ್ನು ಕಂಡು ಸಿಡುಕಿದರು: ‘ಪಾತ್ರೆ ಖಾಲಿ ಕೊಡಬಾರ್ದು, ಅದಕ್ಕೆ. ಇನ್ನೇನಿಲ್ಲ.’

ಹೊಸೂರು ರಸ್ತೆಯ ಧೂಳಿನಲ್ಲಿ ಬೊಮ್ಮನಹಳ್ಳಿಯವರೆಗೆ ಬಸ್ಸು, ಮುಂದೆ ಆಟೊ. ಹಾಳಾದ ರಸ್ತೆಯ ನೆಪದಲ್ಲಿ ಚಾಲಕ ಮೀಟರಿನ ಮೇಲೆ ಅರ್ಧ ಕೇಳಿದ. ರಸ್ತೆ ನೋಡಿದ ಮೇಲೆ ವಾದಿಸಲಿಲ್ಲ. ನಾಗೇಶ್ವರ ಗುಡಿ ದಾಟಿ, ಕೆರೆಯ ಏರಿಯ ಕೆಳಗೆ, ಸಿಮೆಂಟ್ ಇಟ್ಟಿಗೆ ಒಣಗಲಿಟ್ಟ ಶೆಡ್ಡಿನಲ್ಲಿ ಡ್ರಮ್ಮಿನ ಸದ್ದು ಕೇಳಿಸಿತು.

‘ಗುರು, ಕೊನೆಗೂ ಆಡಿಯೆನ್ಸ್ ಬಂತು!’ ಎಂದ ಡ್ರಮ್ಸಿನ ಕಿರಣ್, ಜಯನಗರದ ಹುಡುಗ.

‘ಇಟ್ಟಿಗಿ ಕೊಳ್ಳಾಕ ಬಂದಿರಬೇಕ್ ಸುಮ್ನಿರೋ,’ ಎಂದಳು ಶೈಲಾ.

ಉಳಿದರ್ಧ ಕೇಳಲು ಬಂದೆನೆಂದೆ. ಅವಳು ಮೈಕಿಲ್ಲದೆ, ಇಟ್ಟಿಗೆಗಳ ಮಧ್ಯೆ ನಿಂತು ಹಾಡಿದಳು:

ಜ್ವರ ಬಂದ ದಿನ ಊರಿಗೂರ ಕೆಲಸಕ್ಕ ಹೋತು,
ಮೆಟ್ಟಲ ಹತ್ತಿ ಒಂದ ದನಿ ಬಂತು, ತಿಂಡಿ ಆಯ್ತಾ?
ಹಡೆದವ್ವ ದೂರ, ಕೇಳಿದವ್ವ ನೀನ, ತಿಂಡಿ ಆಯ್ತಾ?

ಮೈಕು ಸತ್ತದ್ದು ಸರಿಯಾಗಿ ಇದರ ಹಿಂದಿನ ಸಾಲಿಗೆ. ನಗೆ ಊರಿಗೆಲ್ಲ ಕೇಳಿಸಿತ್ತು. ಕೃತಜ್ಞತೆ ತಂತಿಯಲ್ಲೇ ಉಳಿದಿತ್ತು.

‘ಅವರಿಗೆ ಹೇಳಬಾರದಿತ್ತೇ?’ ಎಂದೆ.

‘ಹೇಳಾಕ ಹೋಗಿದ್ದೆರಿ. ಹಾಡಬ್ಯಾಡ, ಮೊದ್ಲ ಬೀಗದಕೈ ಕೊಡು ಅಂದ್ರು. ಹಾಸ್ಟೆಲ್‌ನ್ಯಾಗ ಹಾಡಂಗಿಲ್ಲ. ಈ ಶೆಡ್ಡು ಸಂಕ್ರಾಂತಿ ತನಕ ಅಷ್ಟ. ಆಮ್ಯಾಲ ಬ್ಯಾಂಡೂ ಇಲ್ಲ, ಏನೂ ಇಲ್ಲ.’ ನಾನು ಕೊಟ್ಟ ಡಬ್ಬಿ ತೆರೆದಳು. ಚಿತ್ರಾನ್ನ. ಕಡಲೆಬೀಜ ಅವಳಿಗೆ ಆಗದೆಂದು ರತ್ನಮ್ಮ ಆರಿಸಿ ತೆಗೆದಿದ್ದರು. ನಾಲ್ವರೂ ಹಂಚಿಕೊಂಡು ತಿಂದರು. ‘ತಿಂಡಿ ಆತು ಅಂತ ಹೇಳ್ರಿ ಆಂಟಿಗೆ,’ ಎಂದಳು, ಮುಖ ಆಚೆ ತಿರುಗಿಸಿ.

ಹಿಂತಿರುಗುವಾಗ ಸುದ್ದಗುಂಟೆಪಾಳ್ಯದಲ್ಲಿ ಇಳಿದು ಆ ಮಾತನ್ನು ತಲುಪಿಸಿದೆ. ಹಾಡಿನ ಉಳಿದರ್ಧವನ್ನೂ ನನಗೆ ತಿಳಿದಂತೆ ಹೇಳಿದೆ. ರತ್ನಮ್ಮ ಗೇಟು ಹಿಡಿದು ನಿಂತು ಪೂರ್ತಿ ಕೇಳಿಸಿಕೊಂಡರು. ಕೊನೆಗೆ ಕೇಳಿದರು: ‘ತಿಂಡಿ ಆಯ್ತು ಅಂದ್ಲಾ? ಯಾವ ಅರ್ಥದಲ್ಲಿ ಅಂದ್ಲಮ್ಮ?’

ಜೀವಮಾನವಿಡೀ ಆಡಿದ ಮಾತಿನ ಮೇಲೆ ಅವರಿಗೀಗ ನಂಬಿಕೆಯಿಲ್ಲ. ಭಾಷೆಯನ್ನು ಕಾಪಾಡುವ ಹೆಸರಿನಲ್ಲಿ ನೀವು ಮಾಡಿದ ಕೆಲಸ ಇದು.

ಸಮಿತಿಯ ಕಾರ್ಯದರ್ಶಿಗಳೇ, ಖಜಾಂಚಿಗಳೇ, ನನ್ನ ಬಾಯಿಂದ ಈ ಹಾನಿ ತುಂಬುವುದಿಲ್ಲ. ಅಂದು ಫೋನು ಮಾಡಿದ ಕೈಯಿಂದಲೇ ರತ್ನಮ್ಮನವರ ಗೇಟು ತಟ್ಟಿ, ‘ನಾವು ಹಾಡನ್ನು ಪೂರ್ತಿ ಕೇಳಿರಲಿಲ್ಲ’ ಎಂದು ಒಪ್ಪಿಕೊಳ್ಳಿ. ಶೆಡ್ಡು ಕೈಬಿಡುವ ಮೊದಲು, ಸಂಕ್ರಾಂತಿಯ ಸಂಜೆ, ಅದೇ ಪಾರ್ಕಿನಲ್ಲಿ, ಅದೇ ವೇದಿಕೆಯನ್ನು ‘ಒಗೆಯೋ ಕಲ್ಲು’ ತಂಡಕ್ಕೆ ಕೊಡಿ. ಮುಂದಿನ ಸಾಲಿನಲ್ಲಿ ರತ್ನಮ್ಮನವರನ್ನು ಕೂರಿಸಿ. ಹಾಡಿನ ಕೊನೆಯ ಸಾಲು ಮುಗಿಯುವವರೆಗೆ ನಿಮ್ಮ ಕೈ ಮೈಕಿನ ಸ್ವಿಚ್ಚಿನಿಂದ ದೂರವಿರಲಿ.